ಭವಾನಿ ಪೇಟೆಯ ಬೈಬಲ್ ಬಾಯಿ

ಪುಣೆಯ ಯಾವ ಓಣಿಗೆ ಹೋದರೂ ಕುಶಲವ್ವನಿಗೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ ಒಂದೇ. ಬಾಗಿಲು ಅರ್ಧ ತೆರೆದು, ಆಕೆಯನ್ನು ಹೊಸ್ತಿಲಾಚೆ ನಿಲ್ಲಿಸಿ, ನಿಮ್ಮದು ಯಾವ ಜಾತಿ ಎಂದು ಕೇಳಿಯೇ ಮುಂದಿನ ಮಾತು. ಆಕೆ ಛತ್ರಿ ಮಡಚಿ ಗೋಡೆಗೆ ಒರಗಿಸುತ್ತ, "ಬರಗಾಲದ ಜಾತಿರಿ" ಎನ್ನುತ್ತಿದ್ದಳು. ಕೇಳಿದವರು ನಕ್ಕರೆ ಒಳಗೆ ಹೋಗುವುದು, ಮುಖ ಗಂಟಿಕ್ಕಿದರೆ ಮುಂದಿನ ಮನೆ.

ಆಕೆ ಹೇಳುತ್ತಿದ್ದುದು ಸುಳ್ಳಾಗಿರಲಿಲ್ಲ. ಸಾವಿರದ ಒಂಬೈನೂರರ ಬರದಲ್ಲಿ ಗದಗಿನ ಗಂಜಿ ಕೇಂದ್ರದ ಹತ್ತಿರ ಒಬ್ಬಳೇ ಕೂತಿದ್ದ ಹೆಣ್ಣುಕೂಸು ಆಕೆ. ಬೆಟಗೇರಿಯ ಅನಾಥಾಶ್ರಮದ ಪಾದ್ರಿಗಳು ಕುಶಲ ಎಂದು ಹೆಸರಿಟ್ಟು, ಅಕ್ಷರ, ಹೊಲಿಗೆ, ಪ್ರಾರ್ಥನೆ ಮೂರನ್ನೂ ಕಲಿಸಿದರು. ಬೆಳೆದ ಮೇಲೆ ದೇವದಾಸ್ ಎಂಬ ಉಪದೇಶಿಯ ಜೊತೆ ಮದುವೆಯಾಯಿತು. ಪುಣೆಯಲ್ಲಿ ಕಲ್ಲು ಒಡೆಯುವ, ಮೂಟೆ ಹೊರುವ, ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿಯುವ ಕನ್ನಡದ ಜನ ಬಹಳ ಇದ್ದರು. ಅವರಿಗೆ ಅವರ ಮಾತಿನಲ್ಲೇ ಸುವಾರ್ತೆ ಹೇಳುವವರು ಬೇಕೆಂದು ಇಲ್ಲಿಯ ಮಿಶನ್ನಿನವರು ದೇವದಾಸನನ್ನು ಕರೆಸಿಕೊಂಡರು. ಇನ್ಫ್ಲುಯೆಂಜಾ ಬಂದ ವರ್ಷ ಅವನು ತೀರಿಕೊಂಡ. ವಿಧವೆಯನ್ನು ಬೆಟಗೇರಿಗೆ ವಾಪಸು ಕಳಿಸಲು ಮಿಶನ್ನು ರೈಲಿನ ತಿಕೀಟು ತೆಗೆಸಿತು. ಕುಶಲವ್ವ ಆ ತಿಕೀಟನ್ನು ಮಿಶನ್ ಬಂಗಲೆಯ ಮೇಜಿನ ಮೇಲಿಟ್ಟು, ಗಂಡ ಸತ್ತಿದ್ದಾನೆ, ಅವನ ಕೆಲಸ ಸತ್ತಿಲ್ಲ, ಅದನ್ನು ನನಗೆ ಕೊಡಿರಿ ಎಂದಳು. ಹೆಂಗಸು ಬೀದಿಗಿಳಿದು ಗಂಡಸರ ನಡುವೆ ಉಪದೇಶ ಮಾಡುವುದುಂಟೇ ಎಂದರು. ಹಾಗಾದರೆ ಹೆಂಗಸರಿಗೇ ಮಾಡುತ್ತೇನೆ ಎಂದಳು. ಮೂರು ದಿನ ಬಂಗಲೆಯ ಮೆಟ್ಟಿಲ ಮೇಲೆ ಕೂತಳು. ಕೊನೆಗೆ ಕೊಟ್ಟರು.

ಅಂದಿನಿಂದ ಹದಿನಾಲ್ಕು ವರ್ಷ ಆಕೆಯ ವಾರಕ್ಕೆ ಒಂದೇ ಅಚ್ಚು. ಸೋಮವಾರ ಭವಾನಿ ಪೇಟೆಯ ವ್ಯಾಪಾರಿಗಳ ಮನೆ, ಮಂಗಳವಾರ ಖಡಕಿಯ ಕಾರ್ಮಿಕರ ಚಾಳು, ಬುಧವಾರ ಸರಕಾರಿ ಆಸ್ಪತ್ರೆಯ ಹೆಂಗಸರ ವಾರ್ಡು. ಗುರುವಾರ ಸ್ಟೇಶನ್ನು. ಅಲ್ಲಿ ಜೇಜುರಿಯ ಗುಡಿಗೆ ಹೊರಟ ಕನ್ನಡದ ಭಕ್ತರು ಗಾಡಿ ಬದಲಿಸಲು ಗಂಟುಮೂಟೆ ಕಟ್ಟಿಕೊಂಡು ಕೂತಿರುತ್ತಿದ್ದರು. ಆಕೆ ಲೂಕನ ಸುವಾರ್ತೆಯ ಸಣ್ಣ ಪುಸ್ತಕ ಹಿಡಿದು ಹತ್ತಿರ ಹೋದರೆ ಅವರು ಸಂಭ್ರಮದಿಂದಲೇ ಆಕೆಯ ಹಣೆಗೂ ಅರಿಸಿನದ ಭಂಡಾರ ಹಚ್ಚುತ್ತಿದ್ದರು. ಒರೆಸಿಕೊಂಡು ಮತ್ತೆ ಮಾತು ಶುರು. ಒಮ್ಮೊಮ್ಮೆ ಆಕೆಯ ಬಿಳಿ ಸೀರೆ ಹಳದಿಯಾಗಿ ಮನೆಗೆ ಬರುತ್ತಿತ್ತು. ಶನಿವಾರ ಆ ಬಟ್ಟೆ ಒಗೆದು, ಮಧ್ಯಾಹ್ನ ಬಂಗಲೆಗೆ ಹೋಗಿ ವಾರದ ವರದಿ ಹೇಳಬೇಕು.

ಒಬ್ಬರೇ ತಿರುಗಬಾರದು ಎಂಬುದು ಮಿಶನ್ನಿನ ಕಟ್ಟಳೆ. ಜೊತೆಗೆ ಬರುತ್ತಿದ್ದವಳು ಮಾರ್ಥಾಬಾಯಿ, ಅಹಮದನಗರದ ಕಡೆಯ ಮರಾಠಿ ಕ್ರಿಸ್ತಿಯನ್ ಮುದುಕಿ. ಆಕೆಗೆ ಮೊಣಕಾಲು ನೋವು, ನಾಯಿಗಳ ಭಯ, ಮತ್ತು ಚಹದ ಆಸೆ. ನಾಯಿ ಎಲ್ಲ ಓಣಿಯಲ್ಲೂ ಸಿಗುತ್ತಿತ್ತು, ಚಹ ಯಾವ ಮನೆಯಲ್ಲೂ ಸಿಗುತ್ತಿರಲಿಲ್ಲ. ಕ್ರಿಸ್ತಿಯನ್ನರು ಮುಟ್ಟಿದ ಬಟ್ಟಲು ಮತ್ತೆ ಒಲೆಗೆ ಬರುವುದಿಲ್ಲವಲ್ಲ. ಬಿಸಿಲಲ್ಲಿ ನಾಲಗೆ ಒಣಗಿ ಹೋದಾಗಲೂ ಕುಶಲವ್ವ ಎಲ್ಲೂ ನೀರು ಕೇಳುತ್ತಿರಲಿಲ್ಲ. ಕೇಳಿ ಇಲ್ಲವೆನ್ನಿಸಿಕೊಳ್ಳುವುದಕ್ಕಿಂತ ಕೇಳದೆ ಇರುವುದು ಆಕೆಗೆ ಸುಲಭವಾಗಿತ್ತು.

ಭವಾನಿ ಪೇಟೆಯಲ್ಲಿ ಈರಬಸಪ್ಪನವರದು ದೊಡ್ಡ ಬೆಲ್ಲದ ಅಡತಿ. ಬೈಲಹೊಂಗಲದ ಕಡೆಯ ಲಿಂಗಾಯತರು; ಕೆಳಗೆ ಅಂಗಡಿ, ಮೇಲೆ ಮನೆ. ಅವರ ಹೆಂಡತಿ ಕಲ್ಲವ್ವ ಮೊದಲು ಕುಶಲವ್ವನನ್ನು ಒಳಗೆ ಬಿಟ್ಟದ್ದು ಕ್ರೋಶಾ ಹೆಣಿಕೆ ಕಲಿಯಲು. ಯೇಸುವಿನ ಕಥೆ ಬಂದಾಗ ಕಲ್ಲವ್ವ ತೂಕಡಿಸುತ್ತಿದ್ದಳು, ಹೆಣಿಕೆ ಬಂದಾಗ ಎಚ್ಚರಾಗುತ್ತಿದ್ದಳು. ಆದರೆ ಮೂಲೆಯಲ್ಲಿ ಕೂತು ಬೇಳೆ ಹಸನು ಮಾಡುತ್ತಿದ್ದ ಆಕೆಯ ವಾರಗಿತ್ತಿ ಬಸವಣ್ಣೆವ್ವನ ಕಣ್ಣು ಮಾತ್ರ ಪುಸ್ತಕದ ಮೇಲೇ ಇರುತ್ತಿತ್ತು. ಈರಬಸಪ್ಪನ ತಮ್ಮನ ಹೆಂಡತಿ. ಅವಳ ಇಪ್ಪತ್ತೆರಡನೆಯ ವಯಸ್ಸಿಗೇ ಗಂಡ ತೀರಿಹೋಗಿದ್ದ. ಅತ್ತ ತವರೂ ಇಲ್ಲ, ಇತ್ತ ಮಗುವೂ ಇಲ್ಲ. ಒಂದು ಸೋಮವಾರ ಕಲ್ಲವ್ವ ಅಡಿಗೆಮನೆಗೆ ಎದ್ದು ಹೋದಾಗ ಅವಳು ಹತ್ತಿರ ಬಂದಳು.

"ಅಕ್ಕಾರ, ನನಗ ಓದಾಕ ಕಲಸ್ತೀರೇನು?"

ಕುಶಲವ್ವನ ಎದೆ ಹಿಗ್ಗಿತು. ವರ್ಷಗಳ ಮೇಲೆ ಒಂದು ಬಾಗಿಲು ತಾನಾಗಿ ತೆರೆದಿತ್ತು. ಲೂಕನ ಸುವಾರ್ತೆ ತೆಗೆದು ಅವಳ ಕೈಗೆ ಕೊಡಹೋದಳು. ಬಸವಣ್ಣೆವ್ವ ಅದನ್ನು ಮುಟ್ಟಲಿಲ್ಲ.

"ನಿಮ್ಮ ಪುಸ್ತಕ ಅಲ್ರಿ. ಸುಳ್ಳು ಯಾಕ ಹೇಳ್ಲಿ. ನಮ್ಮ ಅಯ್ಯನವರು ತಿಂಗಳಿಗೊಮ್ಮೆ ಬಂದು ನಮ್ಮ ಶರಣರ ಮಾತು ಓದತಾರ. ನಾ ಅಡಿಗಿ ಮಾಡಿ ಬರೂದ್ರಾಗ ಮುಗಿದಿರ್ತೈತಿ. ನಾನ ಓದಬೇಕು ಅಂತ ಮಾಡೇನ್ರಿ."

ಕುಶಲವ್ವ ಪುಸ್ತಕವನ್ನು ಚೀಲಕ್ಕೆ ಹಾಕಿದಳು. ಆ ಕ್ಷಣ ಆಕೆಗೆ ಬೇಸರವಾಯಿತು, ಅದನ್ನು ಮುಂದೆ ಎಂದೂ ಮುಚ್ಚಿಡಲಿಲ್ಲ. ಬೇರೆಯವರ ಪುಸ್ತಕ ಓದಿಸಲು ನಾನು ಯಾಕೆ ಬಿಸಿಲು ತಿನ್ನಲಿ ಎನ್ನಿಸಿತು. ಆದರೆ ಬೆಟಗೇರಿಯಲ್ಲಿ ತನಗೆ ಮೊದಲ ಅಕ್ಷರ ತೀಡಿಸಿದ ಬಾಯಿಯವರು, ನೀನು ಏನು ಓದುತ್ತೀ ಎಂದು ಕೇಳಿ ಆಮೇಲೆ ಕಲಿಸಿದವರಲ್ಲ. ಮುಂದಿನ ಸೋಮವಾರ ಕುಶಲವ್ವ ಪಾಟಿ ಬಳಪ ತಂದಳು. ಕಲ್ಲವ್ವನಿಗೆ ಎರಡು ಸಾಲು ಹೆಣಿಕೆ, ವಾರಗಿತ್ತಿಗೆ ಎರಡು ಸಾಲು ಅಕ್ಷರ. ಪಾಠಕ್ಕೆ ಮೊದಲು ಕಣ್ಣು ಮುಚ್ಚಿ ಗಟ್ಟಿಯಾಗಿ ಒಂದು ಪ್ರಾರ್ಥನೆ. ಅದು ಮುಗಿಯುವವರೆಗೆ ಬಸವಣ್ಣೆವ್ವ ಕೊರಳಿನ ಲಿಂಗ ಹಿಡಿದುಕೊಂಡು ಕೂತಿರುತ್ತಿದ್ದಳು. ದೀಪಾವಳಿಗೆ ಅ ಆ ಶುರುವಾದದ್ದು ಸಂಕ್ರಾಂತಿಗೆ ಕಾಗುಣಿತ ದಾಟಿತು.

ಬಂಗಲೆಯಲ್ಲಿ ಆ ವಾರದ ವರದಿ ಕೇಳುತ್ತಿದ್ದ ಮಿಸ್ ಹಾರ್ಟ್ಲಿ ಕೆಟ್ಟ ಹೆಂಗಸಲ್ಲ. ಪ್ಲೇಗಿನಲ್ಲಿ ಯಾರೂ ಮುಟ್ಟದವರ ಗಂಟು ಒರೆಸಿದವಳು. ಆದರೆ ಆ ವರ್ಷ ಅವಳ ದೇಶದಲ್ಲಿ ಬ್ಯಾಂಕುಗಳು ಮುಳುಗಿ, ಅಲ್ಲಿಯ ಕ್ರಿಸ್ತಿಯನ್ ಸಭೆಗಳು ಕೈ ಬಿಗಿ ಹಿಡಿದಿದ್ದವು. ಇಷ್ಟು ವರ್ಷ ನಡೆಸಿದ ಕನ್ನಡದ ಕೆಲಸದಿಂದ ಎಷ್ಟು ಜನ ಬಂದರು ಎಂದು ಅಲ್ಲಿಂದ ಕೇಳುತ್ತಿದ್ದರು. ಶನಿವಾರದ ವರದಿಯಲ್ಲಿ ಬೆಲ್ಲದ ಅಂಗಡಿಯ ವಿಧವೆ ಓದು ಕಲಿಯುತ್ತಿದ್ದಾಳೆಂದು ಕೇಳಿದ್ದೇ ಅವಳ ಮುಖ ಅರಳಿತು. ಹಾಗಾದರೆ ಅವಳು ಸತ್ಯವನ್ನು ಹುಡುಕುತ್ತಿದ್ದಾಳೆ ಎಂದಳು ಮರಾಠಿಯಲ್ಲಿ. ಇಲ್ಲ, ಒತ್ತಕ್ಷರವನ್ನು ಹುಡುಕುತ್ತಿದ್ದಾಳೆ ಎಂದಳು ಕುಶಲವ್ವ. ಮಿಸ್ ನಕ್ಕಳು. ಮಾರ್ಥಾಬಾಯಿಯೂ ನಕ್ಕಳು. ಮಾತು ಅಲ್ಲಿಗೆ ಮುಗಿಯಿತೆಂದು ಕುಶಲವ್ವ ತಿಳಿದಳು.

ಮುಗಿದಿರಲಿಲ್ಲ. ಮರುದಿನ ಭಾನುವಾರದ ಆರಾಧನೆಯ ಸಭೆಯಲ್ಲಿ ಮಿಸ್ ಎದ್ದು ನಿಂತು, ಭವಾನಿ ಪೇಟೆಯ ಬೆಲ್ಲದ ವ್ಯಾಪಾರಿಯ ಮನೆಯಲ್ಲಿ ಒಬ್ಬ ಎಳೆಯ ವಿಧವೆ ಕ್ರಿಸ್ತನ ಬಾಗಿಲಿಗೆ ಬಂದಿದ್ದಾಳೆ, ಅವಳು ದೀಕ್ಷಾಸ್ನಾನಕ್ಕೆ ಧೈರ್ಯ ಮಾಡುವ ಹಾಗೆ ಎಲ್ಲರೂ ಪ್ರಾರ್ಥಿಸಿರಿ ಎಂದಳು. ಇಡೀ ಸಭೆ ತಲೆ ಬಾಗಿಸಿತು. ಕುಶಲವ್ವ ಬಾಗಿಸಲಿಲ್ಲ, ಆದರೆ ಎದ್ದು ಮಾತಾಡಲೂ ಇಲ್ಲ. ಸಭೆಯಲ್ಲಿದ್ದವರೊಬ್ಬರು ಅದೇ ಪೇಟೆಯಲ್ಲಿ ಗೋಣಿಚೀಲ ಹೊಲಿಯುವವರು. ಸುದ್ದಿಗೆ ಕಾಲು ಬೇಕಿರಲಿಲ್ಲ.

ಸೋಮವಾರ ಹೋದಾಗ ಈರಬಸಪ್ಪನವರು ಗಾದಿ ಬಿಟ್ಟು ಬಾಗಿಲಿಗೇ ಬಂದು ನಿಂತಿದ್ದರು. ಕೂಗಾಡಲಿಲ್ಲ. ಹೆಣಿಕೆ ಕಲಸ್ತೀನಿ ಅಂತ ಬಂದು ಮನೆ ಒಡೆಯುವ ಕೆಲಸ ಮಾಡಿದಿರಿ, ಇನ್ನು ಈ ಮೆಟ್ಟಿಲು ತುಳಿಯಬೇಡಿರಿ ಎಂದರು. ಕುಶಲವ್ವ ಆ ಮಾತು ಸುಳ್ಳು ಎಂದಳು. ನಿಮ್ಮ ಗುಡಿಯಲ್ಲಿ ನಿಮ್ಮ ಮೇಮ್‌ಸಾಹೇಬರೇ ಹೇಳಿದ ಮಾತು ಸುಳ್ಳೇ ಎಂದು ಅವರು ಕೇಳಿದರು. ಬಾಗಿಲು ಮುಚ್ಚಿತು.

ಮಾರ್ಥಾಬಾಯಿ ಸೆರಗು ಹಿಡಿದು ಜಗ್ಗಿದಳು. ಹೋಗೋಣ, ಊರಲ್ಲಿ ಮನೆಗಳಿಗೇನು ಬರವೇ ಎಂದಳು. ಕುಶಲವ್ವ ನಾಲ್ಕು ಹೆಜ್ಜೆ ಹೋದವಳು ನಿಂತಳು. ಅಂಗಡಿಯ ಎದುರಿಗೆ, ರಸ್ತೆಯ ಆಚೆ ಬದಿಗೆ, ಚಕ್ಕಡಿ ಎತ್ತುಗಳು ನೀರು ಕುಡಿಯಲು ಮುನಿಸಿಪಾಲಿಟಿಯವರು ಕಟ್ಟಿಸಿದ ಕಲ್ಲಿನ ಬಾನಿ ಇತ್ತು. ಅದರ ಅಂಚನ್ನು ಸೆರಗಿನಿಂದ ಒರೆಸಿ ಕೂತಳು. ಛತ್ರಿ ಬಿಚ್ಚಿದಳು. ಯಾವಾಗಿನಂತೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದಳು. ಆಮೇಲೆ ಮೇಲಿನ ಕಿಟಕಿಯ ಕಡೆ ಮುಖ ಎತ್ತಿ, ಅನಾಥಾಶ್ರಮದ ಪ್ರಾರ್ಥನಾಮಂದಿರದಲ್ಲಿ ಪಳಗಿದ ಆ ದೊಡ್ಡ ಕಂಠದಿಂದ ಪಾಠ ಶುರು ಮಾಡಿದಳು.

"ಬೆಲ್ಲ. ಬಕಾರಕ್ಕ ಎತ್ವ, ಲಕಾರಕ್ಕ ಲಕಾರದ ಒತ್ತು. ಹಗ್ಗ. ಗಕಾರಕ್ಕ ಗಕಾರದ ಒತ್ತು. ಎತ್ತು. ಚಕ್ಕಡಿ."

ಮೂಟೆ ಹೊರುತ್ತಿದ್ದ ಹಮಾಲರು ನಿಂತು ನೋಡಿದರು. ಅವರಲ್ಲಿ ಅರ್ಧಕ್ಕರ್ಧ ವಿಜಾಪುರದ ಕಡೆಯವರು. ಬೆಲ್ಲವನ್ನು ಬೆನ್ನ ಮೇಲೆ ಹೊತ್ತಿದ್ದರೇ ಹೊರತು ಅದಕ್ಕೆ ಒತ್ತು ಇರುವುದು ಅವರಿಗೂ ಗೊತ್ತಿರಲಿಲ್ಲ. ಒಬ್ಬ ನಕ್ಕು "ಲಕಾರದ ಒತ್ತು" ಎಂದ. ಇನ್ನೊಬ್ಬನೂ ಎಂದ. ಮೇಲಿನ ಕಿಟಕಿ ಒಂದು ಗೇಣು ತೆರೆಯಿತು. ಸ್ವಲ್ಪ ಹೊತ್ತಿಗೆ ಅದರ ಸಂದಿನಲ್ಲಿ ಒಂದು ಪಾಟಿ ಕಾಣಿಸಿತು. ಅದರ ಮೇಲೆ ದೊಡ್ಡದಾಗಿ ಚಕಡಿ ಎಂದು ಬರೆದಿತ್ತು. ಕುಶಲವ್ವ ಹಣೆಗೆ ಕೈ ಅಡ್ಡ ಹಿಡಿದು ಓದಿದಳು.

"ಚಕ್ಕಡಿಗೆ ಒತ್ತು ಬಿಟ್ಟೀದಿ, ತಂಗಿ. ಮತ್ತೊಮ್ಮೆ ಬರಿ."

ಅಂಗಡಿಯ ಗುಮಾಸ್ತ ಪೋಲೀಸನನ್ನು ಕರೆತಂದ. ಪೋಲೀಸ ಮರಾಠಿಯಲ್ಲಿ, ಯಾರ ಪರವಾನಗಿಯ ಮೇಲೆ ಇಲ್ಲಿ ಕೂತಿದ್ದೀ ಎಂದು ಕೇಳಿದ. ಈ ಬಾನಿಯ ನೀರು ಕುಡಿಯಲು ಎತ್ತಿಗೆ ಪರವಾನಗಿ ಬೇಕಿಲ್ಲ, ಪಕ್ಕದಲ್ಲಿ ಕೂಡಲು ನನಗೆ ಯಾಕೆ ಬೇಕು ಎಂದು ಆಕೆ ತಿರುಗಿ ಕೇಳಿದಳು. ಕೂತವಳು ಬಾಂಬು ಹಿಡಿದವಳಲ್ಲ, ಬಳಪ ಹಿಡಿದವಳು. ಕಾಂಗ್ರೆಸ್ಸಿನವರನ್ನು ಹಿಡಿದು ಹಿಡಿದು ಸಾಕಾಗಿದ್ದ ಆ ಪೋಲೀಸ ಮೀಸೆ ತೀಡಿಕೊಂಡು ಹೊರಟುಹೋದ. ಗುಮಾಸ್ತ ಬೆಲ್ಲದ ಖಾಲಿ ಚೀಲಗಳನ್ನು ತಂದು ಆಕೆಯ ತಲೆಯ ನೇರಕ್ಕೆ ಝಾಡಿಸಿದ. ಜಿಗುಟು ಧೂಳು ಸೀರೆಯ ಮೇಲೆ ಕೂತಿತು, ಅದರ ಮೇಲೆ ನೊಣ ಕೂತವು. ಆಕೆ ಸೆರಗು ಹೊದ್ದುಕೊಂಡು ಪಾಠ ಮುಗಿಸಿಯೇ ಎದ್ದಳು.

ಆ ವಾರವೆಲ್ಲ ಆಕೆಯನ್ನು ಸುಟ್ಟಿದ್ದು ಧೂಳಲ್ಲ, ಈರಬಸಪ್ಪನವರ ಪ್ರಶ್ನೆ. ಸುಳ್ಳನ್ನು ಹೇಳಿದವಳು ತಾನಲ್ಲ, ಆದರೆ ಕೇಳಿಕೊಂಡು ಸುಮ್ಮನೆ ಕೂತವಳು ತಾನೇ. ಭಾನುವಾರ ಸಭೆಯಲ್ಲಿ ಪ್ರಕಟಣೆಗಳು ಮುಗಿದ ಮೇಲೆ ಹೆಂಗಸರ ಸಾಲಿನಿಂದ ಕುಶಲವ್ವ ಎದ್ದು ನಿಂತಳು. ಅಲ್ಲಿ ಹೆಂಗಸರು ಕರೆಯದೆ ಎದ್ದು ಮಾತಾಡಿದ ನೆನಪು ಯಾರಿಗೂ ಇರಲಿಲ್ಲ. ಹೋದ ವಾರ ಭವಾನಿ ಪೇಟೆಯ ಹೆಣ್ಣುಮಗಳ ಬಗ್ಗೆ ಹೇಳಿದ್ದು ನಿಜವಲ್ಲ ಎಂದಳು. ಅವಳು ಅಕ್ಷರ ಕೇಳಿದ್ದಾಳೆ, ಕ್ರಿಸ್ತನನ್ನು ಕೇಳಿಲ್ಲ. ಕೇಳಿದ ದಿನ ನಾನೇ ಮೊದಲು ಬಂದು ಗಂಟೆ ಬಾರಿಸುತ್ತೇನೆ. ಅಲ್ಲಿಯವರೆಗೆ ಅವಳ ಹೆಸರಿನಲ್ಲಿ ಮಾಡಿದ ಪ್ರಾರ್ಥನೆಯನ್ನು ನಾವು ವಾಪಸು ತೆಗೆದುಕೊಳ್ಳಬೇಕು ಎಂದು ಹೇಳಿ ಕೂತಳು. ಮಾರ್ಥಾಬಾಯಿ ಕಣ್ಣು ಮುಚ್ಚಿಕೊಂಡು ಕಾಲು ಒತ್ತಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಬಂಗಲೆಗೆ ಕರೆ ಬಂತು. ಮಿಸ್ ಹಾರ್ಟ್ಲಿಯ ಕಣ್ಣುಗಳು ಕೆಂಪಾಗಿದ್ದವು. ತಾನು ಸುಳ್ಳು ಹೇಳಲಿಲ್ಲ, ಆಶೆಯಿಂದ ಹೇಳಿದೆ ಎಂದಳು. ಆಶೆ ಇಲ್ಲದೆ ಈ ಕೆಲಸ ಮಾಡುವುದು ಹೇಗೆ ಎಂದು ಕೇಳಿದಳು.

"ಆಶೆ ನಿಮ್ಮದು, ಮಿಸ್ಸಾಯಬ್. ಆದರೆ ಬಾಗಿಲು ಮುಚ್ಚಿದ್ದು ಅವಳಿಗೆ" ಎಂದಳು ಕುಶಲವ್ವ.

ಸಭೆಯ ಮುಂದೆ ಕ್ಷಮೆ ಕೇಳುವವರೆಗೆ ಮಿಶನ್ನಿನ ಹೆಸರಿನಲ್ಲಿ ಎಲ್ಲಿಗೂ ಹೋಗಕೂಡದು, ಆ ಮನೆಗಂತೂ ಹೋಗಲೇಕೂಡದು ಎಂದು ಮಿಸ್ ಹೇಳಿದಳು. ಕುಶಲವ್ವ ಚೀಲವನ್ನೂ ಮಾರುವ ಪುಸ್ತಕಗಳನ್ನೂ ಮೇಜಿನ ಮೇಲಿಟ್ಟಳು. ತನ್ನ ಸ್ವಂತ ಬೈಬಲನ್ನೂ ದೇವದಾಸನ ಛತ್ರಿಯನ್ನೂ ಎತ್ತಿಕೊಂಡಳು. ಇನ್ನು ಯಾರ ಹೆಸರಿನಲ್ಲಿ ಹೋಗುತ್ತೀ ಎಂದು ಮಿಸ್ ಕೇಳಿದಾಗ, ಕಳಿಸಿದವನ ಹೆಸರಿನಲ್ಲಿ ಎಂದು ಹೇಳಿ ಮೆಟ್ಟಿಲಿಳಿದಳು. ಕ್ಯಾಂಪಿನ ಒಬ್ಬ ದರ್ಜಿಯ ಅಂಗಡಿಯಲ್ಲಿ ಸಿಪಾಯಿಗಳ ಅಂಗಿಗೆ ಗುಂಡಿ ಹಚ್ಚುವ ಕೆಲಸ ಹಿಡಿದಳು. ಸೋಮವಾರ ಬರುವುದಿಲ್ಲ ಎಂದು ಮೊದಲೇ ಹೇಳಿಟ್ಟಳು.

ಸೋಮವಾರ ಆಕೆ ಒಬ್ಬಳೇ ಹೊರಟಳು. ಬಾನಿಯ ಹತ್ತಿರ ಬಂದು ನೋಡಿದರೆ ಮಾರ್ಥಾಬಾಯಿ ಮೊದಲೇ ಬಂದು ಕೂತಿದ್ದಾಳೆ. ನಿನ್ನ ಜೊತೆ ಬಂದಿಲ್ಲ, ಮೊಣಕಾಲು ನೋವಿಗೆ ಕೂತಿದ್ದೇನೆ, ಯಾರಾದರೂ ಕೇಳಿದರೆ ಹಾಗೇ ಹೇಳು ಎಂದು ಮುದುಕಿ ಆಚೆ ಮುಖ ತಿರುಗಿಸಿದಳು.

ಮೇಲಿನ ಕಿಟಕಿಗೆ ಅಡ್ಡಲಾಗಿ ಎರಡು ಹಲಗೆ ಹೊಡೆದಿದ್ದರು. ಒಳಗಿನವಳಿಗೆ ಕೇಳುತ್ತದೋ ಇಲ್ಲವೋ ತಿಳಿಯುವಂತಿರಲಿಲ್ಲ. ಕುಶಲವ್ವ ಪ್ರಾರ್ಥನೆ ಮುಗಿಸಿ ಹೊಸ ಪಾಠ ಶುರು ಮಾಡಿದಳು. ಉತ್ತರ ಬಾರದ ಗೋಡೆಗೆ ಕೂಗಿ ಹೇಳುವುದು ಆಕೆಗೆ ಹೊಸದಲ್ಲ; ಹದಿನಾಲ್ಕು ವರ್ಷದ ಕೆಲಸವೇ ಹೆಚ್ಚುಕಡಿಮೆ ಅದಾಗಿತ್ತು. ಹಮಾಲರು ನಗಲಿಲ್ಲ. ಕೆಲವರು ಅಂಗೈಯಲ್ಲಿ ಬೆರಳಿನಿಂದ ತೀಡುತ್ತಿದ್ದರು.

ಆಗ ಅಂಗಡಿಯ ಪಕ್ಕದ ಸಣ್ಣ ಬಾಗಿಲು ತೆರೆಯಿತು. ಬಸವಣ್ಣೆವ್ವ ತಲೆತುಂಬ ಸೆರಗು ಹೊದ್ದು, ಪಾಟಿಯನ್ನು ಎದೆಗೆ ಅವಚಿಕೊಂಡು ಹೊರಗೆ ಬಂದಳು. ಗಂಡ ಸತ್ತ ಮೇಲೆ ಹಗಲು ಹೊತ್ತು ಅವಳ ಕಾಲು ರಸ್ತೆ ಮುಟ್ಟಿರಲಿಲ್ಲ. ಎರಡು ಚಕ್ಕಡಿಗಳ ನಡುವೆ ದಾರಿ ಮಾಡಿಕೊಂಡು ಬಂದು, ಬಾನಿಯ ಅಂಚಿನ ಮೇಲೆ ಕುಶಲವ್ವನ ಪಕ್ಕ ಕೂತಳು. ತಕ್ಕಡಿಯ ಸದ್ದು ನಿಂತಿತು. ಈರಬಸಪ್ಪನವರು ಬರಿಗಾಲಲ್ಲೇ ಇಳಿದು ಬಂದರು.

"ಒಳಗ ನಡಿ" ಎಂದರು.

ಆ ಮನೆಗೆ ಬಂದು ಏಳು ವರ್ಷದಲ್ಲಿ ಬಸವಣ್ಣೆವ್ವ ಗಂಡನ ಅಣ್ಣನೆದುರು ಬಾಯಿ ಬಿಟ್ಟವಳಲ್ಲ. ಈಗ ಎದ್ದು ನಿಂತಳು. ಧ್ವನಿ ಎಲ್ಲರಿಗೂ ಕೇಳುವಷ್ಟಿತ್ತು.

"ಭಾವಾರ, ನಾ ಕೊರಳಾಗಿನ ಲಿಂಗಾ ಬಿಡಂಗಿಲ್ಲ. ಓದೂದೂ ಬಿಡಂಗಿಲ್ಲ. ಒಳಗ ಕಲಿಯಾಕ ಬಿಟ್ರ ಒಳಗ ಕಲೀತೀನಿ. ಇಲ್ಲಾಂದ್ರ ಇಲ್ಲೇ."

ಈರಬಸಪ್ಪನವರು ಅವಳನ್ನು ನೋಡಿದರು, ಸುತ್ತ ನಿಂತ ಪೇಟೆಯನ್ನು ನೋಡಿದರು. ಪಕ್ಕದ ವ್ಯಾಪಾರಿ ಬಾಳಕೃಷ್ಣ ಶೇಟರ ಅಂಗಡಿಯ ಜನವೆಲ್ಲ ಹೊರಗೆ ಬಂದಿತ್ತು. ಜಾತಿ ಬಿಡುವುದಿಲ್ಲ ಎಂಬ ಮಾತನ್ನು ಹತ್ತು ಜನರೆದುರು ಅವಳೇ ಹೇಳಿದ್ದು ಅವರಿಗೆ ಸ್ವಲ್ಪ ನೆಮ್ಮದಿಯನ್ನೂ ಕೊಟ್ಟಿರಬೇಕು. ಕುಶಲವ್ವನ ಕಡೆ ತಿರುಗಿದರು.

"ಬಾಯಾರ, ಜಗಲಿ ಮ್ಯಾಲ ಕುಂತು ಕಲಸ್ರಿ. ನಿಮ್ಮ ದೇವರ ಹೆಸರು ಮಾತ್ರ ಎತ್ತಬ್ಯಾಡ್ರಿ."

"ಪಾಠಕ್ಕ ಮೊದಲ ನಾ ಪ್ರಾರ್ಥನಾ ಮಾಡ್ತೀನಿ, ಸಾವಕಾರ್ರ. ಅದನ್ನ ಬಿಡಂಗಿಲ್ಲ."

"ಮನಸಿನ್ಯಾಗ ಮಾಡ್ರಿ."

"ನಮ್ಮ ದೇವರು ಕಿವುಡ ಅಲ್ಲ, ಖರೆ. ನಾನೂ ಮೂಕಿ ಅಲ್ಲ."

ಅವರು ಗಾದಿಗೆ ಹೋಗಿ ಕೂತರು. ಬಸವಣ್ಣೆವ್ವನೂ ಕೂತಳು, ಬಾನಿಯ ಅಂಚಿನ ಮೇಲೆಯೇ. ಜಗಲಿ ಖಾಲಿ ಉಳಿಯಿತು. ಮುಂಗಾರಿನ ಮಿರಗದ ಮಳೆ ಬರುವವರೆಗೆ ಪಾಠ ಅಲ್ಲಿಯೇ ನಡೆಯಿತು, ಎತ್ತುಗಳ ಉಸಿರು ಬೆನ್ನಿಗೆ ತಾಗುವಷ್ಟು ಹತ್ತಿರ.

ಒಂದು ಸೋಮವಾರ ಮಿಸ್ ಹಾರ್ಟ್ಲಿ ಟಾಂಗಾದಲ್ಲಿ ಬಂದಿಳಿದಳು. ರಸ್ತೆಯ ಮೇಲೆ ನಿಂತು, ಬಸವಣ್ಣೆವ್ವ ಕಡಿದು ಕಡಿದು ಓದುವುದನ್ನು ಕೇಳಿದಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಏನು ಓದುತ್ತಿದ್ದಾಳೆ ಎಂದು ಮಾರ್ಥಾಬಾಯಿಯನ್ನು ಕೇಳಿದಳು. ಅವರ ಶರಣರ ಪುಸ್ತಕ ಎಂದು ಮುದುಕಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಹೊರಡುವಾಗ ಕುಶಲವ್ವನ ಹತ್ತಿರ ಬಂದು, ಕ್ಷಮೆಯನ್ನು ಸಭೆಯಲ್ಲಿ ಬೇಡ, ತನ್ನೆದುರು ಒಂದು ಮಾತು ಹೇಳಿದರೆ ಸಾಕು, ಕೆಲಸ ವಾಪಸು ಬರುತ್ತದೆ ಎಂದಳು. ಅದು ಸೋತವಳ ಧ್ವನಿಯಾಗಿತ್ತು. ಕುಶಲವ್ವನಿಗೂ ಅವಳ ಮೇಲೆ ಕನಿಕರ ಬಂತು. ಆದರೂ, ನಿಜ ಹೇಳಿದ್ದಕ್ಕೆ ಕ್ಷಮೆ ಕೇಳಿದರೆ ನಾಳೆ ನಾನು ಹೇಳುವ ಸುವಾರ್ತೆಯನ್ನು ಯಾರು ನಂಬುತ್ತಾರೆ ಎಂದಳು. ಕೆಲಸ ಬರಲಿಲ್ಲ. ಕನ್ನಡದ ಕೆಲಸ ಮುಚ್ಚಿತೆಂದು ಆ ವರ್ಷದ ಕೊನೆಗೆ ಮಿಶನ್ನು ಬರೆದುಕೊಂಡಿತು. ಕುಶಲವ್ವ ಗುಂಡಿ ಹಚ್ಚಿ ಉಳಿದ ದಿನಗಳಲ್ಲಿ ಖಡಕಿಗೂ ಆಸ್ಪತ್ರೆಗೂ ಹೋಗುತ್ತಲೇ ಇದ್ದಳು. ಭಾನುವಾರ ಸಭೆಯಲ್ಲಿ ಅದೇ ಸಾಲಿನಲ್ಲಿ, ಅದೇ ಜಾಗದಲ್ಲಿ ಕೂಡುತ್ತಿದ್ದಳು. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಮಳೆ ಬಂದ ದಿನ ಇಬ್ಬರೂ ಒಂದೇ ಛತ್ರಿಯಲ್ಲಿ ತೊಯ್ಯುತ್ತಿರುವುದನ್ನು ಕಲ್ಲವ್ವ ಮೇಲಿಂದ ನೋಡಿದಳು. ಕೆಳಗಿಳಿದು ಬಂದು ತಾನೇ ಜಗಲಿಯ ಮೇಲೆ ಕಂಬಳಿ ಹಾಸಿ, ನಮ್ಮ ಅಂಗಡಿ ಮುಂದೆ ಹೆಣ್ಣುಮಕ್ಕಳು ತೊಯ್ದರೆ ಜನ ನಮ್ಮ ಮುಖಕ್ಕೆ ಉಗುಳುತ್ತಾರೆ ಎಂದು ಗಂಡನಿಗೆ ಕೇಳುವ ಹಾಗೆ ಹೇಳಿದಳು. ಕುಶಲವ್ವ ಜಗಲಿ ಹತ್ತಿದಳು. ಹತ್ತಿದವಳು ಕಣ್ಣು ಮುಚ್ಚಿ ಗಟ್ಟಿಯಾಗಿಯೇ ಪ್ರಾರ್ಥಿಸಿದಳು. ಈರಬಸಪ್ಪನವರು ಅಷ್ಟು ಹೊತ್ತೂ ಬೆಲ್ಲದ ಪೆಂಟೆಗಳ ತೂಕವನ್ನು ಮತ್ತಷ್ಟು ಗಟ್ಟಿಯಾಗಿ ಕೂಗಿ ಹೇಳಿದರು. ಮುಂದೆ ಪ್ರತಿ ಸೋಮವಾರ ಅವರಿಬ್ಬರ ಧ್ವನಿಗೂ ಹೀಗೇ ಪಂದ್ಯ ನಡೆಯಿತು.

ಶರಣರ ಪುಸ್ತಕ ಮುಗಿದಾಗ ಶ್ರಾವಣ. ಬಸವಣ್ಣೆವ್ವ ಅದನ್ನು ವಸ್ತ್ರದಲ್ಲಿ ಸುತ್ತಿಟ್ಟು, ಕುಶಲವ್ವನ ತೊಡೆಯ ಮೇಲಿದ್ದ ಬೈಬಲಿನ ಕಡೆ ಕೈ ಚಾಚಿದಳು.

"ಇದನ್ನೂ ಒಮ್ಮೆ ಓದಿ ನೋಡ್ತೀನ್ರಿ, ಅಕ್ಕಾರ. ಕ್ರಿಸ್ತಾನ ಆಗಾಕ ಅಲ್ಲ. ನೀವು ಇದಕ್ಕಾಗಿ ಇಷ್ಟು ಬೈಸಿಕೊಂಡ್ರಿ, ಇದ್ರಾಗ ಏನೈತಿ ನೋಡೂಣು ಅಂತ."

"ಓದು. ತಪ್ಪು ಕಂಡಲ್ಲೆ ಕೇಳು. ನಾನೂ ಬಿಡಂಗಿಲ್ಲ, ಜಗಳಾ ಮಾಡ್ತೀನಿ."

ಬಸವಣ್ಣೆವ್ವ ಮೊದಲ ಪುಟ ತೆರೆದಳು. ಮೂರನೆಯ ಸಾಲಿಗೇ ಬೆರಳಿಟ್ಟು ನಿಲ್ಲಿಸಿ, ಇದು ಹೀಗೆ ಹೇಗಾದೀತು ಎಂದು ಕೇಳಿದಳು. ಕುಶಲವ್ವ ಸೀರೆಯ ನಿರಿಗೆ ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು. ಹಮಾಲರು ಚಹದ ಹೊತ್ತೆಂದು ಮೂಟೆ ಇಳಿಸಿ ಜಗಲಿಯ ಸುತ್ತ ಬಂದು ನಿಂತರು. ಕಲ್ಲವ್ವ ಒಳಗಿನಿಂದ ಮೂರು ಬಟ್ಟಲು ಚಹ ತಂದು, ಒಂದನ್ನು ಮಾರ್ಥಾಬಾಯಿಯ ಮುಂದಿಟ್ಟಳು. ಮುದುಕಿ ಊದಿ ಊದಿ ಕುಡಿಯತೊಡಗಿದಳು. ಆ ಇಬ್ಬರ ವಾದ ಮಾತ್ರ ಸಂಜೆಯವರೆಗೂ ಮುಗಿಯಲಿಲ್ಲ.